ನಾಟಿ ಮೊಟ್ಟೆಗೆ ರೇಟು ಕಟ್ಟುವವರು ಯಾರು?

ಸಾಕಿದವಳ ಕೈಗೆ 12, ಅಂಗಡಿಯಲ್ಲಿ 16: ಕಾಳಿನ ಲೆಕ್ಕ ಹಿಡಿದರೆ ಗಿಟ್ಟುವುದು ಯಾರಿಗೆ?

ಮೈಸೂರು: ಫಾರಂ ಮೊಟ್ಟೆಗೆ ಇವತ್ತು ಏನು ರೇಟು ಎಂದು ಊರಿನ ಯಾವ ಅಂಗಡಿಯವರನ್ನು ಕೇಳಿದರೂ ಉತ್ತರ ಬಾಯಲ್ಲೇ ಇರುತ್ತದೆ. ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ಮೊಬೈಲಿಗೆ ರೇಟು ಬಂದು ಬಿದ್ದಿರುತ್ತದೆ. ನೂರು ಮೊಟ್ಟೆಗೆ ಮೈಸೂರಲ್ಲಿ ಇಷ್ಟು, ಬೆಂಗಳೂರಲ್ಲಿ ಇಷ್ಟು, ಹೊಸಪೇಟೆಯಲ್ಲಿ ಇಷ್ಟು, ನಾಮಕ್ಕಲ್‌ನಲ್ಲಿ ಇಷ್ಟು ಎಂದು ಪಟ್ಟಿ. ಅದರ ಮೇಲೆ ಗಾಡಿ ಬಾಡಿಗೆ, ಒಡೆದ ಮೊಟ್ಟೆಯ ನಷ್ಟ, ತನ್ನ ಲಾಭ ಸೇರಿಸಿ ಅಂಗಡಿಯವರು ಬಿಡಿ ಬೆಲೆ ಹೇಳುತ್ತಾರೆ. ಗಿರಾಕಿಯೂ ಚೌಕಾಸಿ ಮಾಡುವುದಿಲ್ಲ. ರೇಟು ಅಂದರೆ ರೇಟು.

ಅದೇ ಗಿರಾಕಿ ಎರಡು ಹೆಜ್ಜೆ ಮುಂದೆ ಹೋಗಿ, ಕುಕ್ಕೆಯಲ್ಲಿ ರಾಗಿ ಹೊಟ್ಟಿನ ಮೇಲೆ ಹತ್ತು ನಾಟಿ ಮೊಟ್ಟೆ ಇಟ್ಟುಕೊಂಡು ಕೂತ ಹೆಂಗಸಿನ ಮುಂದೆ ನಿಂತರೆ ಕಥೆಯೇ ಬೇರೆ.

"ಎಷ್ಟಮ್ಮ?"

"ಹನ್ನೆರಡು ರೂಪಾಯಿ ಕೊಡಿ ಸ್ವಾಮಿ."

"ಅಯ್ಯೋ, ಇಷ್ಟು ಚಿಕ್ಕ ಮೊಟ್ಟೆಗೆ ಹನ್ನೆರಡಾ? ಹತ್ತು ಮಾಡ್ಕೊ."

"ಹಂಗಾದ್ರೆ ನೀವೇ ನೋಡಿ ಕೊಡಿ."

ಈ 'ನೀವೇ ನೋಡಿ ಕೊಡಿ' ಎಂಬ ಮೂರು ಮಾತಿನಲ್ಲಿದೆ ನಾಟಿ ಮೊಟ್ಟೆಯ ವ್ಯಾಪಾರದ ಹಣೆಬರಹ. ಸಾಕಿದವಳೇ ಬೆಲೆ ಹೇಳಲು ನಾಚುವ ಸರಕು ಈ ಊರಲ್ಲಿ ಬೇರೊಂದು ಸಿಗುವುದು ಕಷ್ಟ. ಹೂವಿನವಳು ಮೊಳಕ್ಕೆ ಇಷ್ಟು ಎಂದು ಗದರಿಸಿ ಹೇಳುತ್ತಾಳೆ. ಸೊಪ್ಪಿನವಳು ಕಟ್ಟು ಕಿತ್ತು ವಾಪಸು ಕುಕ್ಕೆಗೆ ಹಾಕುತ್ತಾಳೆ. ಮೊಟ್ಟೆಯವಳು ಮಾತ್ರ ಗಿರಾಕಿಯ ಮುಖ ನೋಡುತ್ತಾಳೆ.

ಫಾರಂನವರೂ ಹಿಂದೆ ಹೀಗೇ ಇದ್ದರು

ಇವತ್ತು ಇಷ್ಟು ಠೀವಿಯಿಂದ ರೇಟು ಹೊರಡಿಸುವ ಫಾರಂನವರು ಒಂದು ಕಾಲಕ್ಕೆ ಇದೇ ಸ್ಥಿತಿಯಲ್ಲಿದ್ದರು ಎಂಬುದು ಈಗಿನವರಿಗೆ ನೆನಪಿಲ್ಲ. ಮೊಟ್ಟೆ ಕೊಳ್ಳುವ ದೊಡ್ಡ ವ್ಯಾಪಾರಿ ಹೇಳಿದ್ದೇ ಬೆಲೆ. ಖರ್ಚಿಗಿಂತ ಕಡಿಮೆಗೆ ಮಾರಿ ಫಾರಂ ಮುಚ್ಚಿದವರು ಎಷ್ಟೋ. ಆಗ ವೆಂಕಟೇಶ್ವರ ಹ್ಯಾಚರೀಸ್‌ನ ಬಿ.ವಿ. ರಾವ್ ಅವರು ಊರೂರು ತಿರುಗಿ ಸಾಕುವವರನ್ನು ಒಟ್ಟು ಸೇರಿಸಿದರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ನನ್ನ ಮೊಟ್ಟೆ, ನನ್ನ ಬೆಲೆ ಎಂಬುದು ಅದರ ಘೋಷಣೆ. ಅಂದಿನಿಂದ ಆ ಸಮಿತಿ ದಿನದ ಸೂಚನಾ ದರ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿ ಮೈಸೂರಿಗೇ ಒಂದು ಪ್ರತ್ಯೇಕ ಸಾಲು ಇದೆ.

ಆ ಸಾಲಿನಲ್ಲಿ ನಾಟಿ ಮೊಟ್ಟೆಗೆ ಜಾಗವಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ. ಸಾವಿರಾರು ಕೋಳಿ ಸಾಕಿದವನು ಸಂಘ ಕಟ್ಟಬಲ್ಲ; ಹತ್ತೋ ಹದಿನೈದೋ ಹೇಂಟೆ ಸಾಕಿದವಳು ಯಾರ ಜೊತೆ ಸಂಘ ಕಟ್ಟುವುದು?

ಹಾಗಾಗಿ ಆಗಿರುವುದೇನೆಂದರೆ, ಫಾರಂ ಮೊಟ್ಟೆಯ ರೇಟನ್ನೇ ಇಟ್ಟುಕೊಂಡು 'ಅದರ ಎರಡರಷ್ಟು' ಎಂದು ನಾಟಿಯ ಬೆಲೆ ಕಟ್ಟುವ ಪದ್ಧತಿ ಬೆಳೆದುಬಿಟ್ಟಿದೆ. ಫಾರಂ ಮೊಟ್ಟೆ ಆರು ರೂಪಾಯಿ ಇದ್ದರೆ ನಾಟಿ ಹನ್ನೆರಡು. ಕೇಳಲು ಸಲೀಸು. ಆದರೆ ಇದಕ್ಕಿಂತ ತಲೆಕೆಳಗಾದ ಲೆಕ್ಕ ಇನ್ನೊಂದಿಲ್ಲ. ಆಷಾಢ ಮುಗಿದು ಶ್ರಾವಣ ಬಂದರೆ ಫಾರಂ ರೇಟು ಇಳಿಯುತ್ತದೆ. ಚಳಿಗಾಲ, ಕ್ರಿಸ್‌ಮಸ್ ಕೇಕಿನ ಕಾಲಕ್ಕೆ ಏರುತ್ತದೆ. ಹಿತ್ತಲ ಕೋಳಿಗೆ ಇದರಿಂದ ಏನು ಸಂಬಂಧ? ಫಾರಂ ರೇಟು ಇಳಿಯಿತೆಂದು ಅದು ಕಾಳು ಕಡಿಮೆ ತಿನ್ನುತ್ತದೆಯೇ?

ಬನ್ನೂರು ರಸ್ತೆಯ ಆಯಮ್ಮ

ಬನ್ನೂರು ರಸ್ತೆಯಲ್ಲಿ ರಿಂಗ್ ರಸ್ತೆ ದಾಟಿ ಸ್ವಲ್ಪ ದೂರದ ಒಂದು ಹಳ್ಳಿ. ಅಲ್ಲಿಂದ ಬುಧವಾರ, ಭಾನುವಾರ ಬಸ್ಸಿನಲ್ಲಿ ಮೊಟ್ಟೆ ತರುವ, ಐವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಾಳೆ. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದವರೇ ಹೆಚ್ಚಾದ್ದರಿಂದ ಆ ದಿನ ಬರುವುದಿಲ್ಲ. ಸಿದ್ಧಾರ್ಥನಗರದಲ್ಲಿ ಏಳೆಂಟು ಮನೆ, ನಜರ್‌ಬಾದ್ ಕಡೆ ಒಂದು ದಿನಸಿ ಅಂಗಡಿ, ಉಳಿದರೆ ಬಸ್ ನಿಲ್ದಾಣದ ಬಳಿ ಕೂತು ಮಾರುವುದು. ಹೆಸರು, ಊರು ಹಾಕಬಾರದೆಂದು ಆಯಮ್ಮನ ಷರತ್ತು. "ಊರಲ್ಲಿರೋರೆಲ್ಲ ಮೊಟ್ಟೆ ಹೊತ್ಕಂಡು ಬಂದ್ಬುಟ್ರೆ ನನ್ ಗತಿ ಏನ್ರಪ್ಪ?"

ಆಕೆಯ ಬಳಿ ಇರುವುದು 14 ಹೇಂಟೆ, 2 ಹುಂಜ. ಹದಿನಾಲ್ಕು ಹೇಂಟೆ ಅಂದರೆ ದಿನಕ್ಕೆ ಹದಿನಾಲ್ಕು ಮೊಟ್ಟೆ ಎಂದು ಪೇಟೆಯವರು ತಿಳಿಯುತ್ತಾರೆ. ತಪ್ಪು. ನಾಟಿ ಹೇಂಟೆ ಒಂದು ಸರದಿಗೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು. ಆಮೇಲೆ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ತಿಂಗಳುಗಟ್ಟಲೆ ತಿರುಗುತ್ತದೆ. ಅಷ್ಟೂ ದಿನ ಮೊಟ್ಟೆ ಇಲ್ಲ. ವರ್ಷಕ್ಕೆ ಒಂದು ಹೇಂಟೆಯಿಂದ ಅರವತ್ತು ಮೊಟ್ಟೆ ಬಂದರೆ ಪುಣ್ಯ. ಫಾರಂನ ಬಿಳಿ ಲೆಗ್‌ಹಾರ್ನ್ ಜಾತಿಯ ಕೋಳಿ ಕಾವು ಗೀವು ಎನ್ನದೆ ಮುನ್ನೂರು ದಾಟಿಸುತ್ತದೆ. ಅದರದ್ದು ಇದರ ಐದರಷ್ಟು!

ಹೀಗಾಗಿ ಆಯಮ್ಮನ ಕುಕ್ಕೆಯಲ್ಲಿ ಒಂದು ಸಲಕ್ಕೆ ಎಂಟೋ ಹತ್ತೋ ಮೊಟ್ಟೆ. ಹನ್ನೆರಡರಂತೆ ಹತ್ತಕ್ಕೆ ನೂರಿಪ್ಪತ್ತು. ವಾರಕ್ಕೆ ಎರಡು ಸಲ. ಬೀಡಿ ಕಟ್ಟಿದರೂ ಇಷ್ಟು ಸಿಗುತ್ತದೆ ಎಂದು ಮಗ ಗೇಲಿ ಮಾಡುತ್ತಾನಂತೆ.

ಹನ್ನೆರಡೇ ಏಕೆ? ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ? ಈ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ಸರಳವಾಗಿದೆ. "ಮುಂಚೆ ಹತ್ತಿತ್ತು. ಪಕ್ಕದ ಕುಕ್ಕೆಯೋಳು ಹನ್ನೆರಡು ಅಂದ್ಲು. ನಾನೂ ಅಂದೆ." ಅಷ್ಟೆ. ಇದರಲ್ಲಿ ಕಾಳಿನ ಖರ್ಚಿಲ್ಲ, ದುಡಿಮೆಯಿಲ್ಲ, ಸತ್ತ ಮರಿಯ ಲೆಕ್ಕವಿಲ್ಲ. ಚಿಲ್ಲರೆ ಕಾಟವೂ ಇದೆಯಂತೆ. ಹತ್ತು, ಹದಿನೈದು ಆದರೆ ಕೊಡಲು ತಗೊಳ್ಳಲು ಸುಲಭ. ಈಗ ಮಗನ ಮೊಬೈಲಿನ ಫೋನ್‌ಪೇ ಚೀಟಿಯನ್ನು ಕುಕ್ಕೆಗೆ ಅಂಟಿಸಿಕೊಂಡಿದ್ದಾಳೆ. ಚಿಲ್ಲರೆ ಸಮಸ್ಯೆ ತೀರಿತು, ಆದರೆ ದುಡ್ಡು ನೇರ ಮಗನ ಖಾತೆಗೆ ಹೋಗುತ್ತದೆ. ಅದು ಇನ್ನೊಂದು ಸಮಸ್ಯೆ!

ಬಸ್ಸಿನ ವಿಷಯ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗುವ ಮುಂಚೆ ಹೋಗಿಬರುವ ಚಾರ್ಜೇ ಕುಕ್ಕೆಯಲ್ಲಿನ ನಾಲ್ಕೈದು ಮೊಟ್ಟೆ ನುಂಗುತ್ತಿತ್ತು. ಯೋಜನೆ ಬಂದು ಟಿಕೆಟ್ ಉಚಿತವಾಯಿತು. ಆಯಮ್ಮನ ಕೈಯಲ್ಲಿ ನಾಲ್ಕು ಕಾಸು ಉಳಿಯಿತು ಅನ್ನುವಷ್ಟರಲ್ಲಿ ಗಿರಾಕಿಗಳೂ ಎಚ್ಚೆತ್ತರು. "ಈಗ ನಿಂಗೆ ಬಸ್ ಫ್ರೀ ಅಲ್ವಾ, ಎರಡು ರೂಪಾಯಿ ಕಮ್ಮಿ ಮಾಡು" ಎಂದವರು ಒಬ್ಬಿಬ್ಬರಲ್ಲ. ಸರ್ಕಾರ ಹೆಂಗಸರಿಗೆ ಕೊಟ್ಟ ಸವಲತ್ತನ್ನು ಗಂಡಸರು ಆಮ್ಲೆಟ್ಟಿನಲ್ಲಿ ವಸೂಲು ಮಾಡಲು ಹೊರಟರು ಎನ್ನಬೇಕು.

ಅಂದಹಾಗೆ, ಮೊಟ್ಟೆಗೆ ಟಿಕೆಟ್ ಇಲ್ಲ, ಕೋಳಿಗೆ ಉಂಟು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಮೈಸೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳು ಉಚಿತವಾಗಿ ಕೂತು, ಅವರ ಜೊತೆಗಿದ್ದ ನಾಲ್ಕು ಗಿಳಿಗಳಿಗೆ 444 ರೂ. ಟಿಕೆಟ್ ಹರಿದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ಸುದ್ದಿ ಕೇಳಿದ ಮೇಲೆ ಆಯಮ್ಮ ಹೇಂಟೆಯನ್ನು ಚೀಲದಲ್ಲಿ ತರುವುದನ್ನೇ ಬಿಟ್ಟಿದ್ದಾಳೆ. ಕೋಳಿ ಬೇಕಾದವರು ಊರಿಗೇ ಬರಬೇಕು.

ಮೇಷ್ಟ್ರ ಲೆಕ್ಕ

ಸಿದ್ಧಾರ್ಥನಗರದ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಸ್ವತಃ ಮನೆಯ ತಾರಸಿಯಲ್ಲಿ ಎಂಟು ಗಿರಿರಾಜ ಕೋಳಿ ಸಾಕಿದವರು. ಗಿರಿರಾಜ ಅಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿ. ನಾಟಿಗಿಂತ ದಪ್ಪ, ಮೊಟ್ಟೆಯೂ ಹೆಚ್ಚು, ಚಿಪ್ಪು ಕಂದು. ಅಕ್ಕಪಕ್ಕದವರು ವಾಸನೆ, ಸದ್ದು ಎಂದು ತಕರಾರು ಮಾಡಿದ್ದರಿಂದ ಮೇಷ್ಟ್ರು ಕೋಳಿ ಬಿಟ್ಟರು. ಲೆಕ್ಕದ ಪುಸ್ತಕ ಮಾತ್ರ ಬಿಡಲಿಲ್ಲ.

ಒಂದು ಭಾನುವಾರ ಆಯಮ್ಮನನ್ನು ಜಗಲಿಯ ಮೇಲೆ ಕೂರಿಸಿ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು.

ನಾಟಿ ಹೇಂಟೆಗೆ ದಿನಕ್ಕೆ 80 ಗ್ರಾಂ ಮೇವು ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 29 ಕೆ.ಜಿ. ಆಯಮ್ಮ ಕೊಳ್ಳುವ ಮುಸುಕಿನ ಜೋಳ, ನುಚ್ಚು ಕೆ.ಜಿ.ಗೆ 30 ರೂ. ಬೀಳುತ್ತದೆ. ಎಲ್ಲವನ್ನೂ ಕೊಂಡೇ ಹಾಕಿದರೆ 870 ರೂ. ಅರವತ್ತು ಮೊಟ್ಟೆಗೆ ಭಾಗಿಸಿದರೆ ಮೊಟ್ಟೆಯೊಂದಕ್ಕೆ 14 ರೂ. 50 ಪೈಸೆ. ಇದು ಬರೀ ಹೊಟ್ಟೆಗೆ ಹಾಕಿದ್ದು. ಫಾರಂ ಕೋಳಿ ದಿನಕ್ಕೆ 110 ಗ್ರಾಂ ತಿಂದು ವರ್ಷಕ್ಕೆ 40 ಕೆ.ಜಿ. ಮುಗಿಸುತ್ತದೆ. ಅದೇ ದರ ಹಿಡಿದರೆ 1,200 ರೂ. ಆದರೆ ಮೊಟ್ಟೆ ಮುನ್ನೂರು; ತಲಾ ನಾಲ್ಕು ರೂಪಾಯಿ. ಹೆಚ್ಚು ತಿನ್ನುವ ಕೋಳಿಯ ಮೊಟ್ಟೆಯೇ ಅಗ್ಗ!

"ಅಲ್ಲಮ್ಮ, ಹದಿನಾಲ್ಕೂವರೆ ರೂಪಾಯಿ ಹಾಕಿ ಹನ್ನೆರಡಕ್ಕೆ ಮಾರ್ತೀಯಲ್ಲ, ನಿಂಗೆ ಬುದ್ಧಿ ಇದೆಯಾ?" ಎಂದರು ಮೇಷ್ಟ್ರು.

ಆಯಮ್ಮ ನಕ್ಕಳು. "ಎಲ್ಲಾನೂ ಎಲ್ಲಿ ಕೊಂಡಾಕ್ತೀನಿ ಮೇಷ್ಟ್ರೇ? ಒಂದು ಪಾಲು ನಾನಾಕ್ತೀನಿ. ಇನ್ನೆರಡು ಪಾಲು ಅವೇ ಕೆದಕ್ಕಂಡು ತಿಂತವೆ."

ಮೇಷ್ಟ್ರು ಮತ್ತೆ ಭಾಗಿಸಿದರು. ಮೂರರಲ್ಲಿ ಒಂದು ಪಾಲು ಕೊಂಡರೆ ಮೊಟ್ಟೆಗೆ ಐದು ರೂಪಾಯಿಯ ಒಳಗೇ ಖರ್ಚು. ಹನ್ನೆರಡಕ್ಕೆ ಮಾರಿದರೆ ಏಳು ರೂಪಾಯಿ ಉಳಿಕೆ. ಸರಿ ಹೋಯಿತು.

ಆದರೆ ಆ ಎರಡು ಪಾಲು ಎಲ್ಲಿಂದ ಬರುತ್ತಿತ್ತು? ಕಣದಲ್ಲಿ ಉದುರಿದ ರಾಗಿ, ತಿಪ್ಪೆಯ ಹುಳ, ಗೆದ್ದಲು, ಬೇಲಿ ಬದಿಯ ಹುಲ್ಲುಬೀಜ, ಮನೆಯಲ್ಲಿ ಮಿಕ್ಕ ಮುದ್ದೆ ಅನ್ನ. ಇದಕ್ಕೆ ದುಡ್ಡು ಕೊಟ್ಟವರಿಲ್ಲ. ನಾಟಿ ಮೊಟ್ಟೆ ಹತ್ತು ಹನ್ನೆರಡು ರೂಪಾಯಿಗೆ ಪೇಟೆಗೆ ಬರುತ್ತಿದ್ದುದು ಆ ಬಯಲಿನ ದಯೆಯಿಂದ.

ಆ ಬಯಲೇ ಈಗ ಹೋಗುತ್ತಿದೆ. ಆಯಮ್ಮನ ಮನೆಯ ಹಿಂದಿನ ಹೊಲ ಬಡಾವಣೆಯಾಗಿದೆ. ಕಲ್ಲು ನೆಟ್ಟರು, ಟಾರು ಹಾಕಿದರು, ಒಂದೊಂದೇ ಸೈಟಿಗೆ ಕಾಂಪೌಂಡ್ ಎದ್ದಿತು. ಅಲ್ಲಿ ಮನೆ ಕಟ್ಟಿದ ಒಬ್ಬರ ಹೂಗಿಡ ಕೆದಕಿದ್ದಕ್ಕೆ ಜಗಳವಾಗಿ ಈಗ ಕೋಳಿಗಳು ಅರ್ಧ ದಿನ ಮಂಕರಿಯ ಕೆಳಗೆ. ಒಂದು ಪಾಲು ಕೊಳ್ಳುತ್ತಿದ್ದವಳು ಈಗ ಅರ್ಧಕ್ಕರ್ಧ ಕೊಳ್ಳುತ್ತಾಳೆ. ಮೊಟ್ಟೆಗೆ ಖರ್ಚು ಏಳೂಕಾಲು ರೂಪಾಯಿ ಆಯಿತು. ಉಳಿದ ಎರಡು ಸೈಟಿಗೂ ಬೇಲಿ ಬಿದ್ದರೆ ಪೂರ್ತಿ ಕೊಂಡೇ ಹಾಕಬೇಕು. ಅಂದರೆ ಮೇಷ್ಟ್ರ ಮೊದಲ ಲೆಕ್ಕ, ಹದಿನಾಲ್ಕೂವರೆ.

ಇಷ್ಟೆಲ್ಲ ಆಗುತ್ತಿದ್ದರೂ ಬೆಲೆ ಹನ್ನೆರಡಕ್ಕೇ ನಿಂತಿತ್ತು. ಏಕೆಂದರೆ ಪಕ್ಕದ ಕುಕ್ಕೆಯವಳು ಇನ್ನೂ ಹನ್ನೆರಡೇ ಹೇಳುತ್ತಿದ್ದಳು!

ಮಾರುವುದೋ, ಕಾವಿಗಿಡುವುದೋ

ಮೇಷ್ಟ್ರ ಲೆಕ್ಕದಲ್ಲಿ ಒಂದು ತೂತಿತ್ತು. ಅದನ್ನು ಹಿಡಿದವಳು ಶಾಲೆಗೆ ಹೋಗದ ಆಯಮ್ಮ. "ಅರವತ್ತೂ ಮಾರ್ಬುಟ್ರೆ ಮುಂದಿನ ವರ್ಷಕ್ಕೆ ಕೋಳಿ ಎಲ್ಲಿಂದ ತರಾನ?"

ನಾಟಿ ಕೋಳಿ ಸಾಕುವವಳಿಗೆ ಮೊಟ್ಟೆ ಮೊಟ್ಟೆಯಲ್ಲ, ಬಿತ್ತನೆ ಬೀಜ. ಹನ್ನೆರಡು ಮೊಟ್ಟೆ ಮಾರಿದರೆ 144 ರೂಪಾಯಿ. ಅದೇ ಹನ್ನೆರಡನ್ನು ಕಾವಿಗಿಟ್ಟರೆ ಒಂಬತ್ತೋ ಹತ್ತೋ ಮರಿ. ಕಾಗೆ, ಹದ್ದು, ಮುಂಗುಸಿ, ಬೀದಿ ಬೆಕ್ಕು ತಮ್ಮ ಪಾಲು ತಗೊಂಡ ಮೇಲೆ ನಾಲ್ಕು ಉಳಿದರೂ, ಆರು ತಿಂಗಳಿಗೆ ಒಂದೊಂದು ನಾಟಿ ಕೋಳಿಯ ಬೆಲೆ ನೂರುಗಳಲ್ಲಿ. ಪೇಟೆಯಲ್ಲಿ ನಾಟಿ ಕೋಳಿ ಸಾರಿಗೆ ಇರುವ ಗಿರಾಕಿ ಮೊಟ್ಟೆಗಿಲ್ಲ. ಹಾಗಾದರೆ ಮೊಟ್ಟೆ ಮಾರುವುದೇ ದಡ್ಡತನವಲ್ಲವೇ?

ಅಲ್ಲ. ಮರಿ ದೊಡ್ಡದಾಗುವವರೆಗೆ ಆರು ತಿಂಗಳು ಕಾಯಬೇಕು. ಮೊಟ್ಟೆಗೆ ಬುಧವಾರ ಸಂಜೆಯೇ ಕಾಸು. ಎಣ್ಣೆ, ಸೋಪು, ಮೊಮ್ಮಗನ ಪೆನ್ಸಿಲ್ಲು ಆರು ತಿಂಗಳು ಕಾಯುವುದಿಲ್ಲ. ಅಲ್ಲದೆ ಮರಿಗಳಿಗೆ ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಗೂಡು ಖಾಲಿ. ಇದಕ್ಕೆ ಲಸಿಕೆ ಇದೆ, ಅಗ್ಗವೂ ಹೌದು. ಆದರೆ ಸೀಸೆ ಬರುವುದು ನೂರಾರು ಕೋಳಿಗೆ ಆಗುವಷ್ಟು. ಒಮ್ಮೆ ಕಲಸಿದರೆ ಕೆಲವು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹದಿನಾಲ್ಕು ಕೋಳಿಯವಳು ಆ ಸೀಸೆ ತಂದು ಏನು ಮಾಡಬೇಕು? ಕೇರಿಯವರೆಲ್ಲ ಒಂದೇ ದಿನ ಕೋಳಿ ಹಿಡಿದು ಪಶು ಆಸ್ಪತ್ರೆಯವರನ್ನು ಕರೆಸಿದರೆ ಆಗುವ ಕೆಲಸ. ಆಯಮ್ಮನ ಕೇರಿಯಲ್ಲಿ ಅದು ಒಂದು ವರ್ಷ ಆಯಿತು, ಮರುವರ್ಷ ಯಾರೂ ಸೇರಲಿಲ್ಲ.

ರೋಗದ ಹೆದರಿಕೆ ಪೇಟೆಯವರಿಗೂ ಗೊತ್ತು. 2020ರ ಮಾರ್ಚ್‌ನಲ್ಲಿ ಇದೇ ಊರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾಗಿ ಸುತ್ತಮುತ್ತಲ ಕೋಳಿಗಳನ್ನೆಲ್ಲ ಹಿಡಿದು ಕೊಂದರು. ಕುಂಬಾರಕೊಪ್ಪಲು ಎಲ್ಲಿ, ಬನ್ನೂರು ರಸ್ತೆ ಎಲ್ಲಿ! ಆದರೂ ಆಯಮ್ಮನ ಕುಕ್ಕೆ ವಾರಗಟ್ಟಲೆ ತುಂಬಿದ್ದು ತುಂಬಿದಂತೆ ವಾಪಸು ಹೋಯಿತು. ಇಂಥ ವಾರಗಳ ನಷ್ಟವನ್ನು ಯಾವ ಮೊಟ್ಟೆಯ ಬೆಲೆಯಲ್ಲಿ ಸೇರಿಸಬೇಕು?

ಅಂಗಡಿಯವರ ಮಾತು

ಹನ್ನೆರಡಕ್ಕೆ ಕೊಂಡು ಹದಿನಾರಕ್ಕೆ ಮಾರುವ ನಜರ್‌ಬಾದಿನ ಅಂಗಡಿಯವರನ್ನು ಸುಲಿಗೆಗಾರ ಎಂದು ಕರೆಯುವುದು ಸುಲಭ. ಅವರ ಮಾತೂ ಕೇಳಬೇಕು.

"ಹತ್ತು ತಗೊಂಡ್ರೆ ನಂಗೆ ನಲವತ್ತು ಲಾಭ ಅಂತ ಕಾಣುತ್ತೆ. ಒಂದು ಒಡೀತದೆ, ಹನ್ನೆರಡು ಹೋಯ್ತು. ಬೇಸಿಗೇಲಿ ಒಂದು ಕೆಟ್ಟು ಗಿರಾಕಿ ವಾಪಸ್ ತತ್ತಾನೆ, ಹದಿನಾರು ಹೋಯ್ತು. ಉಳಿದಿದ್ದು ಎಷ್ಟು ಸಾರ್?" ಎನ್ನುತ್ತಾರೆ.

ಬೇಸಿಗೆಯ ದೂರು ಸುಳ್ಳಲ್ಲ. ಹುಂಜದ ಜೊತೆ ತಿರುಗುವ ಹೇಂಟೆಯ ಮೊಟ್ಟೆಯಲ್ಲಿ ಜೀವಾಂಶವಿರುತ್ತದೆ. ಅಂಗಡಿಯೊಳಗಿನ ಸೆಕೆ 27 ಡಿಗ್ರಿ ದಾಟಿದರೆ ಕಾವಿಲ್ಲದೆಯೇ ಒಳಗೆ ಬೆಳವಣಿಗೆ ಸಣ್ಣಗೆ ಶುರುವಾಗುತ್ತದೆ. ನಾಲ್ಕೈದು ದಿನ ಕಳೆದು ಒಡೆದರೆ ಕೆಂಪು ಗೆರೆ ಕಾಣುತ್ತದೆ. ಗಿರಾಕಿ ಹೌಹಾರುತ್ತಾನೆ. ಫಾರಂ ಮೊಟ್ಟೆಗೆ ಈ ಕಾಟವಿಲ್ಲ, ಅಲ್ಲಿ ಹುಂಜವೇ ಇಲ್ಲ. ಹುಂಜ ಇಲ್ಲದಿದ್ದರೆ ಹೇಂಟೆ ಮೊಟ್ಟೆಯೇ ಇಡುವುದಿಲ್ಲ ಎಂದು ಈಗಲೂ ನಂಬಿದ ಜನ ಇದ್ದಾರೆ. ಹಾಗೇನಿಲ್ಲ. ಮಾರುವ ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿಗಷ್ಟೇ ಬೇಕು. ಮಾರ್ಚ್‌ನಿಂದ ಮೇವರೆಗೆ ಹುಂಜಗಳನ್ನು ಬೇರೆ ಕಟ್ಟಿದರೆ, ಮೊದಲ ಕೆಲವು ವಾರ ಕಳೆದ ಮೇಲೆ ಅಂಗಡಿಯವರ ಅರ್ಧ ದೂರು ನಿಲ್ಲುತ್ತದೆ. ಹಳತೋ ಹೊಸತೋ ಎಂಬ ಅನುಮಾನಕ್ಕೆ ಒಂದು ಚೊಂಬು ನೀರು ಸಾಕು. ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ಹಳತು ನಿಲ್ಲುತ್ತದೆ, ತೀರಾ ಹಳತು ತೇಲುತ್ತದೆ.

ಅಂಗಡಿಯವರ ಇನ್ನೊಂದು ವಾದ ತೂಕದ್ದು. ಫಾರಂ ಮೊಟ್ಟೆ ಐವತ್ತು ಗ್ರಾಂ ದಾಟುತ್ತದೆ. ನಾಟಿಯದು ನಲವತ್ತರ ಸುತ್ತ. ತೂಕಕ್ಕೆ ಹಾಕಿದರೆ ನಾಟಿ ಗಿರಾಕಿ ಎರಡರಷ್ಟಲ್ಲ, ಎರಡೂವರೆಯಷ್ಟು ಕೊಟ್ಟಂತಾಯಿತು. ಅಷ್ಟು ಕೊಟ್ಟು ಪಡೆಯುವುದೇನು? ಭಂಡಾರದ ಕಡು ಹಳದಿ ಬಣ್ಣ ಸೊಪ್ಪು, ಜೋಳದಿಂದ ಬರುವುದು; ಅದೇ ಮೇವು ಕೊಟ್ಟರೆ ಫಾರಂ ಕೋಳಿಯೂ ಕಡು ಹಳದಿಯನ್ನೇ ಕೊಡುತ್ತದೆ. ಸತ್ವದಲ್ಲಿ ಜನ ತಿಳಿದಷ್ಟು ದೊಡ್ಡ ಅಂತರವಿಲ್ಲ. ಗರಡಿ ಮನೆಗಳ ಈ ಊರಿನಲ್ಲಿ ಹಾಗೆಂದು ಹೇಳಿ ಗೆದ್ದವರಿಲ್ಲ, ಆ ಮಾತು ಬೇರೆ. ಬಾಣಂತಿಯ ಮನೆಯವರು ರೇಟು ಕೇಳುವುದಿಲ್ಲ. ಅಮಾವಾಸ್ಯೆಗೆ ದೃಷ್ಟಿ ತೆಗೆಯುವವರಂತೂ ಚೌಕಾಸಿಯನ್ನೇ ಮಾಡುವುದಿಲ್ಲ. ಚೌಕಾಸಿ ಮಾಡಿದರೆ ದೃಷ್ಟಿ ಹೋಗುವುದಿಲ್ಲವೇನೋ!

ರುಚಿಗೆ ಕೊಡುತ್ತೇನೆ, ಗೊತ್ತಿರುವ ಹೆಂಗಸಿನ ಕೈಯಿಂದ ತಗೊಳ್ಳುತ್ತೇನೆ ಎಂಬ ಗಿರಾಕಿಯ ಮಾತಿಗೆ ಮಾತ್ರ ಎದುರು ಮಾತಿಲ್ಲ. ಆ ನಂಬಿಕೆಗೇ ಈಗ ಕಲ್ಲು ಬಿದ್ದಿದೆ. ಕಂದು ಚಿಪ್ಪಿನ ಮೊಟ್ಟೆಯೆಲ್ಲ ನಾಟಿ ಎಂದು ಪೇಟೆಯಲ್ಲಿ ಮಾರುತ್ತಾರೆ. ಚಿಪ್ಪಿನ ಬಣ್ಣ ಬರುವುದು ತಳಿಯಿಂದ. ಪಂಜರದಲ್ಲಿ ಸಾಕುವ ಕೋಳಿಗಳಲ್ಲೂ ಕಂದು ಮೊಟ್ಟೆ ಇಡುವ ಜಾತಿಗಳಿವೆ. ನಿಜವಾದ ನಾಟಿ ಮೊಟ್ಟೆಗಳು ಒಂದರಂತೆ ಒಂದಿರುವುದಿಲ್ಲ. ಒಂದು ಕೆನೆ ಬಣ್ಣ, ಒಂದು ತೆಳು ಕಂದು, ಒಂದು ಹೆಚ್ಚು ಕಡಿಮೆ ಬಿಳಿ. ಒಂದು ದುಂಡಗೆ, ಒಂದು ಉದ್ದ. ಮೂವತ್ತು ಮೊಟ್ಟೆಯ ಟ್ರೇ ತುಂಬ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಬಣ್ಣ, ಒಂದೇ ಗಾತ್ರ ಕೂತಿದ್ದರೆ ಅದನ್ನು ನಾಟಿ ಎನ್ನುವವನ ಮುಖವನ್ನೊಮ್ಮೆ ನೋಡಿ. ಗಿರಿರಾಜದಂಥ ಸುಧಾರಿತ ಕೋಳಿಯ ಮೊಟ್ಟೆಯನ್ನು ಅದರ ಹೆಸರಿನಲ್ಲೇ, ನಾಟಿಗಿಂತ ಎರಡು ಮೂರು ರೂಪಾಯಿ ಕಡಿಮೆಗೆ ಮಾರಿದರೆ ಯಾರಿಗೂ ಮೋಸವಿಲ್ಲ. ಅದು ವರ್ಷಕ್ಕೆ ನೂರೈವತ್ತರ ಹತ್ತಿರ ಇಡುವುದರಿಂದ ಕಡಿಮೆ ಬೆಲೆಗೂ ಗಿಟ್ಟುತ್ತದೆ.

ಈ ಬೆರಕೆಯಿಂದ ಹೊಡೆತ ಬೀಳುವುದು ಆಯಮ್ಮನಿಗೇ. ಟ್ರೇಗಟ್ಟಲೆ 'ನಾಟಿ' ಹತ್ತು ರೂಪಾಯಿಗೆ ಸಿಗುವಾಗ ಹನ್ನೆರಡು ಹೇಳಿದ ಇವಳೇ ದುಬಾರಿ ಎನಿಸುತ್ತಾಳೆ.

ಕೊನೆಗೆ ನಿಂತ ಬೆಲೆ

ಮೇಷ್ಟ್ರ ಸಲಹೆ ಎರಡು. ಮೊದಲನೆಯದು, ಫಾರಂ ರೇಟಿನ ಕಡೆ ತಿರುಗಿಯೂ ನೋಡಬಾರದು. ವರ್ಷಕ್ಕೆ ಎರಡು ಸಲ, ಕಾಳಿನ ಬೆಲೆ ನೋಡಿ ಮೊಟ್ಟೆಗೆ ಬೆಲೆ ಕಟ್ಟಬೇಕು, ಆಮೇಲೆ ಅಲುಗಾಡಬಾರದು. ಎರಡನೆಯದು, ಅಂಗಡಿಗೂ ಮನೆಗೂ ಒಂದೇ ಬೆಲೆ ಇಡಬಾರದು. ಅಂಗಡಿಯವರು ಕುಕ್ಕೆಯನ್ನು ಒಟ್ಟಿಗೆ ತಗೊಂಡು ನಷ್ಟ ಹೊರುತ್ತಾರೆ, ಅವರಿಗೆ ಕಡಿಮೆ. ಮನೆ ಬಾಗಿಲಿಗೆ ಹೋಗಿ ನಾಲ್ಕು ನಾಲ್ಕು ಎಣಿಸಿ ಕೊಡುವುದಕ್ಕೆ ಹೆಚ್ಚು.

ಆಯಮ್ಮ ಒಪ್ಪಲು ಒಂದು ತಿಂಗಳು ಹಿಡಿಯಿತು. ಅಡ್ಡಿಯಾದದ್ದು ಲೆಕ್ಕವಲ್ಲ, ದಾಕ್ಷಿಣ್ಯ. ಇಪ್ಪತ್ತು ವರ್ಷದಿಂದ ಬಾಗಿಲು ತೆಗೆದು ಕಾಫಿ ಕೊಟ್ಟ ಮನೆಗಳಿಗೆ ಮೂರು ರೂಪಾಯಿ ಜಾಸ್ತಿ ಎಂದು ಯಾವ ಬಾಯಲ್ಲಿ ಹೇಳುವುದು? ಅದರಲ್ಲಿ ಒಂದು ಮನೆಯವರು ಮಗಳ ಮದುವೆಗೆ ಸೀರೆ ಕೊಟ್ಟವರು.

ಅಂತೂ ಹೇಳಿದ್ದಾಳೆ. ಈಗ ಅಂಗಡಿಗೆ 13, ಮನೆಗಳಿಗೆ, ನಿಲ್ದಾಣದಲ್ಲಿ 15. ಅಂಗಡಿಯವರು ಗೊಣಗಿ ಒಪ್ಪಿದರು, ಮಾರುವ ಬೆಲೆ ಹದಿನಾರನ್ನು ಏರಿಸಿಲ್ಲ. ಮನೆಗಳಲ್ಲಿ ಎರಡು ತಪ್ಪಿದವು. ಒಬ್ಬರು ಹತ್ತರ ಬದಲು ಆರು ತಗೊಳ್ಳುತ್ತಾರೆ. ಬಾಣಂತಿ ಇರುವ ಹೊಸ ಮನೆಯೊಂದು ಸಿಕ್ಕಿದೆ. ನಿಲ್ದಾಣದಲ್ಲಿ 'ನೀವೇ ನೋಡಿ ಕೊಡಿ' ಎನ್ನುವುದನ್ನು ಬಿಟ್ಟಿದ್ದಾಳೆ. ಪಕ್ಕದ ಕುಕ್ಕೆಯವಳು ಎರಡು ವಾರ ಹನ್ನೆರಡಕ್ಕೇ ಮಾರಿ, ಮೂರನೇ ವಾರ ತಾನೂ ಹದಿನೈದು ಎಂದಳು.

ಸೀರೆ ಕೊಟ್ಟ ಮನೆಗೆ ಮಾತ್ರ ಯುಗಾದಿವರೆಗೆ ಹನ್ನೆರಡೇ. ಮೇಷ್ಟ್ರಿಗೆ ಇದು ಗೊತ್ತಿಲ್ಲ.